ಅಕ್ಕನ ಅಳತೆ

ಸುಳ್ಳು ಹೇಳೋದಕ್ಕೂ ಒಂದು ಯೋಗ್ಯತೆ ಬೇಕು. ಇಲ್ಲದವರು ತೆಪ್ಪಗೆ ಬಾಯಿ ಮುಚ್ಚಿಕೊಂಡಿರಬೇಕು. ಗಾಲ್ಫ್ ಮೈದಾನದ ಹಿಂಬದಿಯಲ್ಲಿ ಕೋಲು ಜೋಡಿಸುವ ಅಂಗಡಿ ಇಟ್ಟುಕೊಂಡಿದ್ದ ಡಿಗ್ರಿಗೆ ಆ ಯೋಗ್ಯತೆ ಒಂದು ಚೂರೂ ಇರಲಿಲ್ಲ. ಆದರೂ ಒಂದು ಸಲ ಹೇಳಿದ. ಅದೂ ಯಾರಿಗೆ? ಒಡಹುಟ್ಟಿದ ಅಕ್ಕನಿಗೆ.

ಡಿಗ್ರಿ ಅನ್ನೋದು ಅಡ್ಡಹೆಸರು. ಮನುಷ್ಯ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬಂದವರ ಹತ್ತಿರವೆಲ್ಲ "ನಿಮಗೆ ಒಂದು ಡಿಗ್ರಿ ಜಾಸ್ತಿಯಾಯ್ತು, ನಿಮಗೆ ಎರಡು ಡಿಗ್ರಿ ಸಾಲದು" ಅಂತಲೇ ಮಾತಾಡುತ್ತಿದ್ದ, ಆಟಗಾರರು ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ಗಾಲ್ಫ್ ಗೊತ್ತಿಲ್ಲದವರಿಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಈ ಆಟದಲ್ಲಿ ಐರನ್ ಅಂತ ಕೋಲುಗಳ ಒಂದು ಸೆಟ್ ಇರುತ್ತೆ. ಉದ್ದನೆಯ ಶಾಫ್ಟು, ಅದರ ಕೊನೆಗೆ ಕಬ್ಬಿಣದ ತಲೆ. ಶಾಫ್ಟು ತಲೆಗೆ ಯಾವ ಓರೆಯಲ್ಲಿ ಕೂತಿದೆ, ಎಷ್ಟು ಉದ್ದ ಇದೆ ಅನ್ನೋದು ಆಡುವವರ ಎತ್ತರಕ್ಕೆ, ತೋಳಿಗೆ, ನಿಲ್ಲುವ ರೀತಿಗೆ ಹೊಂದಬೇಕು. ಹೊಂದದೆ ಹೋದರೆ ನೀವು ಎಷ್ಟೇ ಚೆನ್ನಾಗಿ ಹೊಡೆಯಿರಿ, ಚೆಂಡು ತನ್ನ ದಾರಿ ತಾನು ನೋಡಿಕೊಳ್ಳುತ್ತೆ. ಹೊಂದಿಸಿಕೊಡುವುದೇ ಅವನ ಕಸುಬು.

ಅದಕ್ಕೆ ಅವನು ಕೋಲಿನ ತಲೆಯ ತಳಕ್ಕೆ ಒಂದು ಟೇಪು ಅಂಟಿಸುತ್ತಿದ್ದ. ನೆಲದ ಮೇಲೆ ಗಟ್ಟಿ ಪ್ಲಾಸ್ಟಿಕ್ ಹಲಗೆ ಇಟ್ಟು, ಅದರ ಮೇಲಿಂದ ಚೆಂಡು ಹೊಡೆಸುತ್ತಿದ್ದ. ಕೋಲು ಹಲಗೆಗೆ ತಾಗಿದ ಕಡೆ ಟೇಪಿನ ಮೇಲೆ ಗೀರು ಬೀಳುತ್ತೆ. ಗೀರು ನಡುವೆ ಬಿದ್ದರೆ ಸೈ. ಶಾಫ್ಟಿನ ಪಕ್ಕಕ್ಕೆ ಬಿದ್ದರೆ ಕೋಲು ಈ ಮೈಗೆ ತೀರಾ ನೆಟ್ಟಗಾಯ್ತು ಅಂತ ಅರ್ಥ, ಚೆಂಡು ಎಡಕ್ಕೆ ಓಡುತ್ತೆ. ಗೀರು ನೋಡಿದ ಮೇಲೆ ಅವನಿಗೆ ಯಾರ ಮುಲಾಜೂ ಇರಲಿಲ್ಲ. ಒಬ್ಬ ದೊಡ್ಡ ಕಂಟ್ರಾಕ್ಟರು ಬಂದು, ಪಳಗಿದ ಆಟಗಾರರು ಮಾತ್ರ ಹಿಡಿಯುವ ತೆಳು ಅಲಗಿನ ಐರನ್‌ಗಳೇ ಬೇಕು ಅಂತ ಹಟ ಹಿಡಿದಾಗ, "ಸಾರ್, ಇದನ್ನ ನೀವು ತಗೊಂಡ್ರೆ ನಿಮಗೂ ಅವಮಾನ, ಕಬ್ಬಿಣಕ್ಕೂ ಅವಮಾನ" ಅಂದು ಹೊಡೆತ ಚೂರು ತಪ್ಪಿದರೂ ಸಂಭಾಳಿಸುವ ಅಗಲ ತಳದ ಸೆಟ್ ಕೈಗಿಟ್ಟಿದ್ದ. ಆ ಪುಣ್ಯಾತ್ಮ ಮುಖ ಊದಿಸಿಕೊಂಡೇ ಹೋದ, ಆಮೇಲೆ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬಂದ. ಡಿಗ್ರಿ ಹೇಳಿದ ಅಂದರೆ ಅದು ಸತ್ಯವೇ, ಅನ್ನೋ ಮಾತು ಮೈದಾನದ ತುಂಬಾ ಇತ್ತು.

ಅಕ್ಕ ಆ ಮೈದಾನದಲ್ಲಿ ಆಡುವ ಹೆಂಗಸರಲ್ಲಿ ಎಷ್ಟೋ ವರ್ಷ ಮೊದಲನೆಯ ಸ್ಥಾನದವಳು. ಹೊಸಬರಿಗೆ ಆಟ ಕಲಿಸುವ ಕೆಲಸವೂ ಅವಳದೇ. ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವಳು, ಓದು ತಲೆಗೆ ಹತ್ತದ ಹುಡುಗನ ಕೈಗೆ ಅರ ಕೊಟ್ಟು ಈ ಅಂಗಡಿಯ ಬೆಂಚಿನ ಮುಂದೆ ನಿಲ್ಲಿಸಿದವಳು ಅವಳೇ. ಅವಳ ಐರನ್‌ಗಳನ್ನು ಮಾಡಿಕೊಡುತ್ತಾ ಬಂದವನು ಅವನೊಬ್ಬನೇ, ಅವಳ ಅಳತೆ ಅವನಿಗೆ ಬಾಯಿಪಾಠ. ನಲವತ್ತು ದಾಟಿ ತಲೆ ಬೆಳ್ಳಗಾಗುತ್ತಿದ್ದವನನ್ನು ಅವಳು ಇನ್ನೂ ಪುಟ್ಟ ಅಂತಲೇ ಕರೆಯುತ್ತಿದ್ದಳು.

ಹೋದ ವರ್ಷ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಅಂದರು. ಎದೆ ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು, ಆಮೇಲೆ ವಿಕಿರಣ ಕೊಟ್ಟರು. ಜೀವ ಉಳಿಯಿತು, ದೊಡ್ಡದು. ಆದರೆ ಎಡ ಭುಜ ಮುಂದಕ್ಕೆ ಎಳೆದುಕೊಂಡು ಕೆಳಗೆ ಬಾಗಿತು, ತೋಳು ಕಿವಿಯವರೆಗೆ ಏಳದ ಹಾಗಾಯಿತು. ಮನೆಯವರೆಲ್ಲ ಒಂದೇ ಮಂತ್ರ ಹಿಡಿದರು: ಏನೂ ಆಗಿಲ್ಲ, ಮೊದಲಿನ ಹಾಗೇ ಇದ್ದೀಯ. ಭಾವನಂತೂ ಹಲ್ಲಿನ ಡಾಕ್ಟರು, ಹಲ್ಲು ಕೀಳುವ ಮೊದಲು 'ನೋವೇ ಆಗಲ್ಲ' ಅಂತ ಹೇಳಿ ಹೇಳಿ ಪಳಗಿದ ಬಾಯಿ. ಆಟಕ್ಕೆ ಮರಳುತ್ತೇನೆ, ಹೊಸ ಐರನ್ ಬೇಕು ಅಂತ ಅಕ್ಕ ಹೊರಟ ದಿನ ಅವನು ಡಿಗ್ರಿಗೆ ಫೋನು ಮಾಡಿದ.

"ನೋಡಪ್ಪಾ, ಈಗಷ್ಟೇ ಮುಖದಲ್ಲಿ ಗೆಲುವು ಕಾಣ್ತಾ ಇದೆ. ಅದು ಬದಲಾಗಿದೆ ಇದು ಬದಲಾಗಿದೆ ಅಂತ ನಿನ್ನ ಡಿಗ್ರಿ ಪುರಾಣ ತೆಗೀಬೇಡ. ದಮ್ಮಯ್ಯ ಅಂತೀನಿ."

"ಆಯ್ತು ಭಾವ" ಅಂದ ಅವನು. ಭಾವನ ಮೇಲೆ ಪೂರ್ತಿ ತಪ್ಪು ಹೊರಿಸಿದರೆ ಅನ್ಯಾಯವಾದೀತು. ಯಾರೂ ಫೋನು ಮಾಡದಿದ್ದರೂ ಅವನು ಅದನ್ನೇ ಮಾಡುತ್ತಿದ್ದನೋ ಏನೋ. ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತು, ಚೀಲದ ಪಟ್ಟಿಯನ್ನು ಎಡ ಭುಜದಿಂದ ಬಲಕ್ಕೆ ಬದಲಾಯಿಸಿಕೊಂಡಾಗಲೇ ಅವನು ಕಣ್ಣು ಬೇರೆ ಕಡೆ ತಿರುಗಿಸಿದ್ದ.

ಅವಳು ಹಲಗೆಯ ಮೇಲೆ ನಿಂತು ಹಳೆಯ ಐರನ್‌ನಲ್ಲಿ ಬಲೆಗೆ ಚೆಂಡು ಹೊಡೆದಳು. ಅವನು ಕೋಲು ತಿರುಗಿಸಿ ನೋಡಿದ. ಗೀರು ಪೂರ್ತಿ ಶಾಫ್ಟಿನ ಪಕ್ಕಕ್ಕೇ ಬಿದ್ದಿತ್ತು. ಭುಜ ಬಾಗಿ ಕೈ ಕೆಳಗಿಳಿದಿತ್ತು, ಕೋಲು ಅವಳಿಗೆ ಉದ್ದವಾಗಿತ್ತು, ನೆಟ್ಟಗಾಗಿತ್ತು, ಭಾರವೂ ಆಗಿತ್ತು. ಬೇರೆ ಯಾರೇ ಆಗಿದ್ದರೂ ಅಷ್ಟನ್ನೂ ಮುಖದ ಮೇಲೆ ಹೇಳಿ ಕೈ ತೊಳೆದುಕೊಳ್ಳುತ್ತಿದ್ದ.

"ಹೇಗಿದೆಯೋ?" ಅಂದಳು ಅಕ್ಕ. ಉಸಿರು ಹಿಡಿದುಕೊಂಡು ಕೇಳಿದ ಹಾಗಿತ್ತು.

ಅವನು ಟೇಪು ಕಿತ್ತು ಮುದುರಿ ಜೇಬಿಗೆ ಹಾಕಿಕೊಂಡ. "ನಡುವೇ ಬಿದ್ದಿದೆ. ಮೊದಲಿನ ಹಾಗೇ ಇದೆ ಅಕ್ಕ."

"ನಿಜವಾಗ್ಲೂ? ಹಾಗಾದ್ರೆ ತೆಳು ಅಲಗಿನವೇ ಇರ್ಲಾ?"

"ನಿನಗಲ್ಲದೆ ಇನ್ಯಾರಿಗೆ ಒಪ್ಪುತ್ತೆ ಅವು?"

ಅಕ್ಕ ನಕ್ಕಳು. ಎಷ್ಟೋ ತಿಂಗಳ ನಂತರ ನಕ್ಕದ್ದು. ಆ ನಗು ನೋಡಿ ಅವನಿಗೆ ತಾನು ಪುಣ್ಯದ ಕೆಲಸ ಮಾಡಿದೆ ಅನ್ನಿಸಿಬಿಟ್ಟಿತು, ಮೂರ್ಖ. ಹಳೆಯ ಉದ್ದ, ಹಳೆಯ ಓರೆ, ಹಳೆಯ ಭಾರದ ಉಕ್ಕಿನ ಶಾಫ್ಟು, ಎಲ್ಲ ಹಾಗೆ ಹಾಗೇ ಇಟ್ಟು ಹೊಸ ಸೆಟ್ ಕಟ್ಟಿದ. ಅಷ್ಟು ನೀಟಾಗಿ ಅವನು ಯಾವತ್ತೂ ಕೆಲಸ ಮಾಡಿರಲಿಲ್ಲ. ತಲೆಗಳನ್ನು ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿ ಕೊಟ್ಟ.

ಅಲ್ಲಿಂದ ಮುಂದೆ ಅವಳು ದಿನಾ ಬೆಳಗ್ಗೆ ಯಾರೂ ಬರುವ ಮೊದಲೇ ಅಭ್ಯಾಸದ ಮೈದಾನಕ್ಕೆ ಹೋಗುತ್ತಿದ್ದಳು. ಚೆಂಡು ಎಡಕ್ಕೆ ಹೋಯಿತು. ನಿಲ್ಲುವುದನ್ನು ಬದಲಾಯಿಸಿದಳು, ಎಡಕ್ಕೇ ಹೋಯಿತು. ಹಿಡಿತ ಬದಲಾಯಿಸಿದಳು, ನೋವಿದ್ದ ಭುಜವನ್ನು ಹಲ್ಲು ಕಚ್ಚಿಕೊಂಡು ತಿರುಗಿಸಿದಳು, ಆಗಲೂ ಎಡಕ್ಕೇ. ಅಂಗಡಿಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಡಿಗ್ರಿ ಕಿಟಕಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡುವುದನ್ನು ಕಲಿತ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದ. ಹೇಳುವುದಾದರೂ ಏನಂತ?

ಕೊನೆಗೆ ಒಂದು ಮಧ್ಯಾಹ್ನ ಅಕ್ಕ ಬಂದು ಇಡೀ ಚೀಲವನ್ನು ಬೆಂಚಿನ ಮೇಲೆ ಇಟ್ಟಳು.

"ಯಾರಿಗಾದ್ರೂ ಕೊಟ್ಬಿಡೋ ಪುಟ್ಟಾ. ಮೈದಾನದವರಿಗೂ ಹೇಳಿ ಬಂದೆ, ಕಲಿಸೋಕೆ ಬೇರೆಯವರನ್ನ ನೋಡ್ಕೊಳ್ಳಿ ಅಂತ."

"ಯಾಕಕ್ಕಾ? ಏನಾಯ್ತು ಈಗ?"

"ಆಗೋದೇನು? ಆಯ್ತು ನನ್ನ ಕಥೆ. ಮನೆಯವರು 'ಚೆನ್ನಾಗಿದ್ದೀಯ' ಅಂದಾಗೆಲ್ಲ ಬಾಯಿಮಾತಿಗೆ ಅಂತಾರೆ ಅಂತ ಗೊತ್ತಾಗ್ತಿತ್ತು. ನಂಬಿರಲಿಲ್ಲ. ನೀನೊಬ್ಬ ಸುಳ್ಳು ಹೇಳಲ್ಲ. ನೀನು ಕೋಲು ಸರಿಯಿದೆ ಅಂದ್ಮೇಲೆ ಸರಿಯಿದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಅಂಥವಳಲ್ಲ ನಾನು. ಕೆಟ್ಟಿರೋದು ನಾನೇ. ಒಪ್ಕೊಂಡು ಮನೇಲಿರ್ತೀನಿ."

ಇಷ್ಟನ್ನೂ ಅವಳು ಶಾಂತವಾಗಿ ಹೇಳಿದಳು, ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಊರಿಗೆಲ್ಲ ಒಂದೊಂದು ಡಿಗ್ರಿಯ ಲೆಕ್ಕ ಒಪ್ಪಿಸುವ ತಾನು, ಸಾಕಿದವಳ ಕಣ್ಣಿಗೇ ಮಣ್ಣೆರಚಿದ್ದೇನೆ ಅಂತ ಅವನಿಗೆ ಆ ಕ್ಷಣ ಸ್ಪಷ್ಟವಾಗಿ ಗೊತ್ತಾಯಿತು. ಅವಳ ಆಟ ನಿಂತದ್ದು ಕಾಯಿಲೆಯಿಂದಲ್ಲ, ತನ್ನಿಂದ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

"ಅಕ್ಕಾ, ಈ ಸಲ ನೆಲವೇ ಡೊಂಕು" ಅಂದ. "ಡೊಂಕು ಮಾಡಿದ್ದು ನಾನು."

"ಏನಂದೆ?"

"ಗೀರು ನಡುವೆ ಬಿದ್ದಿರಲಿಲ್ಲ. ಪೂರ್ತಿ ಪಕ್ಕಕ್ಕೆ ಬಿದ್ದಿತ್ತು. ನಾನು ಟೇಪು ಕಿತ್ಕೊಂಡು ಸುಳ್ಳು ಹೇಳಿದೆ. ಹಳೇ ಅಳತೆಗೇ ಕೋಲು ಕಟ್ಟಿಕೊಟ್ಟೆ. ಇವುಗಳಲ್ಲಿ ಯಾರು ನಿನ್ನ ಭುಜ ಇಟ್ಕೊಂಡು ಹೊಡೆದ್ರೂ ಚೆಂಡು ಎಡಕ್ಕೇ ಹೋಗುತ್ತೆ."

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಆಮೇಲೆ ಅವಳ ದನಿ ಏರಿತು ನೋಡಿ, ಅಂಗಡಿಯ ತಗಡು ಅದುರುವಷ್ಟು.

"ಎಷ್ಟು ದಿನ ಹೊಡೆದೆ ಗೊತ್ತೇನೋ ನಾನು? ರಾತ್ರಿ ತೋಳು ಎತ್ತಿ ತಲೆ ಬಾಚಿಕೊಳ್ಳೋಕೆ ಆಗ್ತಿರಲಿಲ್ಲ. ಆದ್ರೂ ಬೆಳಗ್ಗೆ ಎದ್ದು ಬರ್ತಿದ್ದೆ. ಯಾಕೆ? ಪುಟ್ಟ ಹೇಳಿದಾನೆ, ಮೊದಲಿನ ಹಾಗೇ ಇದ್ದೀನಿ ಅಂತ! ನಮ್ಮ ದರ್ಜಿ ಇದ್ದಾಳಲ್ಲ, ಆಸ್ಪತ್ರೆಯಿಂದ ಬಂದ್ಮೇಲೆ ಅಂಗಿ ಹೊಲಿಸೋಕೆ ಹೋದ್ರೆ ಟೇಪನ್ನೇ ಮುಟ್ಟಲಿಲ್ಲ ಅವಳು. ನಿಮ್ಮ ಅಳತೆ ನನಗೆ ಗೊತ್ತಲ್ವಾ ಅಂತ ಹಳೇ ಅಳತೆಗೇ ಹೊಲಿದು ಕೊಟ್ಟಳು. ಒಂದು ಕಡೆ ಬಟ್ಟೆ ಜೋತಾಡ್ತಾ ಇತ್ತು. ಆ ಅಂಗಿ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಅತ್ತೆ ನಾನು. ಅವಳು ಹೊರಗಿನವಳು. ನೀನೂನಾ?"

"ನೋಡೋಕೆ ಆಗಲಿಲ್ಲ ಅಕ್ಕಾ ನನ್ನ ಕೈಲಿ."

"ನಿನಗೆ ನೋಡೋಕಾಗಲ್ಲ, ನಿನ್ನ ಭಾವನಿಗೆ ಕೇಳೋಕಾಗಲ್ಲ. ಈ ಮೈ ಇಟ್ಕೊಂಡು ದಿನಾ ಏಳೋಳು ನಾನು ಕಣೋ! ನನ್ನನ್ನ ನೋಡಿ ಅಳತೆ ತಗೊಳ್ಳೋನು ಒಬ್ಬನಾದ್ರೂ ಬೇಡ್ವಾ?"

ಡಿಗ್ರಿಗೆ ಕಣ್ಣು ತುಂಬಿ ಬಂತು. ಬೈಯಲಿ, ಬೇಕಾದರೆ ಎರಡು ಬಾರಿಸಲಿ ಅಂತ ತಲೆ ತಗ್ಗಿಸಿ ನಿಂತ. ಅವಳು ಬಾರಿಸಲಿಲ್ಲ. ಎದ್ದು ಹೋಗಿ ಹಲಗೆಯ ಮೇಲೆ ನಿಂತಳು.

"ಅಂಟಿಸು ಟೇಪು."

ಅಂಟಿಸಿದ. ಅವಳು ಹೊಡೆದಳು. ಈ ಸಲ ಅವನು ಕೋಲು ತಿರುಗಿಸಿ ಗೀರನ್ನು ಅವಳ ಕಣ್ಣ ಮುಂದೆಯೇ ಹಿಡಿದ. ಆಮೇಲೆ ಅವಳ ಮಣಿಕಟ್ಟಿನಿಂದ ನೆಲದವರೆಗೆ ಅಳೆದ. ಬಾಗಿದ ಭುಜದ ಹತ್ತಿರ ಬಂದಾಗ ಕೈ ತಡೆಯಿತು.

"ಮುಟ್ಟು, ಪರವಾಗಿಲ್ಲ" ಅಂದಳು. ಅವನು ಮುಟ್ಟಿ ನೋಡಿದ. ಅಂಗಿಯ ಕೆಳಗೆ ಚರ್ಮ ಬಿಗಿದು ಗಟ್ಟಿಯಾಗಿತ್ತು.

ಮಾದರಿಗೆ ಅಂತ ಇಟ್ಟಿದ್ದ ಅಗಲ ತಳದ ಐರನ್ ತಂದ. ಹಗುರ ಉಕ್ಕಿನ ಶಾಫ್ಟಿನದು, ಉದ್ದ ಕಮ್ಮಿಯದು. ಯಂತ್ರಕ್ಕೆ ಸಿಕ್ಕಿಸಿ ಎರಡು ಡಿಗ್ರಿ ಬಗ್ಗಿಸಿ ಕೊಟ್ಟ. ಹಲಗೆಯ ಮೇಲಿಂದ ಹೊಡೆದಾಗ ಟೇಪಿನ ಗೀರು ನಡುವೆ ಬಿತ್ತು. ಇಬ್ಬರೂ ಹೊರಗೆ ಹೋದರು. ಅವಳು ಹುಲ್ಲಿನ ಮೇಲಿಂದ ಹೊಡೆದಳು. ಚೆಂಡು ಎದ್ದು ನೇರವಾಗಿ ಹೋಯಿತು, ಒಂದಿಷ್ಟೂ ಎಡಕ್ಕೆ ತಿರುಗಲಿಲ್ಲ. ಹೋಗಿ, ಅವಳು ಮೊದಲು ಮುಟ್ಟಿಸುತ್ತಿದ್ದ ಬಾವುಟಕ್ಕಿಂತ ತುಂಬಾ ಈಚೆಗೆ ಬಿತ್ತು.

"ಹೇಳು" ಅಂದಳು ಅಕ್ಕ.

"ನಿನಗೆ ಕೋಲು ಒಂದು ಇಂಚು ಕಮ್ಮಿ ಬೇಕು. ತೆಳು ಅಲಗು ಬೇಡ. ಎಡ ಭುಜ ಪೂರ್ತಿ ತಿರುಗಲ್ಲ, ಅದಕ್ಕೆ ಬೀಸು ಚಿಕ್ಕದಾಗಿದೆ." ಅವನು ಬಾವುಟದ ಕಡೆ ನೋಡಿದ. "ನೇರ ಹೋಗುತ್ತೆ. ಮೊದಲಿನಷ್ಟು ದೂರ ಹೋಗಲ್ಲ."

"ಯಾವತ್ತೂ?"

ಬಾಯಿ ತುದಿಗೆ 'ಹೋಗಬಹುದು' ಅನ್ನೋ ಮಾತು ಬಂತು. ನುಂಗಿಕೊಂಡ. "ನನಗೆ ತಿಳಿದ ಮಟ್ಟಿಗೆ, ಯಾವತ್ತೂ ಇಲ್ಲ ಅಕ್ಕ."

ಅವಳು ಆಗ ಅತ್ತಳು. ಮೈದಾನದಲ್ಲಿ ನಿಂತುಕೊಂಡೇ, ಮುಖ ಮುಚ್ಚಿಕೊಳ್ಳದೆ, ಮನಸಾರೆ ಅತ್ತಳು. ಅವನು ಸಮಾಧಾನದ ಮಾತು ಆಡಲಿಲ್ಲ, ಪಕ್ಕದಲ್ಲಿ ನಿಂತಿದ್ದ. ಅತ್ತು ಮುಗಿಸಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಸರಿ. ಇದಕ್ಕೆ ಕಟ್ಟಿಕೊಡು. ಇವತ್ತೇ" ಅಂದಳು.

ಅಂಗಡಿಗೆ ವಾಪಸು ಬಂದು ಅವನು ಹೊಸ ಹಗುರ ಶಾಫ್ಟುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟ. ಹೊಸವು ಯಾವಾಗಲೂ ಉದ್ದವೇ ಬರುತ್ತವೆ, ಆಡುವವರ ಅಳತೆಗೆ ಕತ್ತರಿಸಬೇಕು. ಕತ್ತರಿಸಿದ್ದನ್ನು ಮತ್ತೆ ಬೆಳೆಸೋಕಾಗಲ್ಲ. ಮೊದಲನೆಯದಕ್ಕೆ ಗುರುತು ಹಾಕಿ, ಕೊಳವೆ ಕತ್ತರಿಸುವ ಕಟ್ಟರಿನ ಹರಿತ ಗಾಲಿಯನ್ನು ಗುರುತಿನ ಮೇಲೆ ಕೂರಿಸಿ, ಅಲ್ಲೇ ನಿಂತುಬಿಟ್ಟ.

"ಒಂದು ಮಾತು ಅಕ್ಕಾ. ಸದ್ಯಕ್ಕೆ ಹಳೇ ಉದ್ದಕ್ಕೇ ಬಿಡೋಣ. ನೀನು ಹಿಡಿಯನ್ನ ಒಂದಿಂಚು ಕೆಳಗೆ ಹಿಡ್ಕೊಂಡು ಹೊಡಿ. ಮುಂದೆ ಭುಜ ಏನಾದ್ರೂ…"

"ಮತ್ತೆ ಶುರು ಮಾಡಿದ್ಯಾ?"

ಅವನ ಕೈ ಓಡಲಿಲ್ಲ. ಸಾವಿರಾರು ಶಾಫ್ಟು ಕತ್ತರಿಸಿದವನು ಕಟ್ಟರನ್ನು ಸಡಿಲಿಸಿ ಗುರುತನ್ನು ಮತ್ತೊಮ್ಮೆ ಅಳೆದ.

ಅಕ್ಕ ಬೆಂಚಿನ ಆ ಕಡೆಗೆ ಹೋಗಿ ಶಾಫ್ಟಿನ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಎಡಗೈ ಏಳುವಷ್ಟೇ ಎದ್ದಿತು, ಅಷ್ಟು ಸಾಕಾಗಿತ್ತು.

"ಅವತ್ತು ಆಸ್ಪತ್ರೇಲಿ ನನ್ನನ್ನ ಕತ್ತರಿಸುವಾಗ ಪ್ರಜ್ಞೆ ತಪ್ಪಿಸಿ ಮಲಗಿಸಿದ್ರು ಪುಟ್ಟಾ. ಎದ್ದಾಗ ಎಲ್ಲ ಮುಗಿದುಹೋಗಿತ್ತು, ನನ್ನನ್ನ ಒಂದು ಮಾತೂ ಕೇಳದ ಹಾಗೆ ಅನ್ನಿಸ್ತು. ಇವತ್ತು ಎಚ್ಚರವಾಗಿದ್ದೀನಿ, ನಾನೇ ಹಿಡ್ಕೊಂಡಿದ್ದೀನಿ. ನೀನು ಕತ್ತರಿಸು."

ಅವನು ಕಟ್ಟರು ಬಿಗಿಮಾಡಿ ತಿರುಗಿಸತೊಡಗಿದ. ತುಂಡು ಬಿದ್ದಾಗ ಅವಳು ಅದರ ಕಡೆ ನೋಡಲಿಲ್ಲ, ಮುಂದಿನ ಶಾಫ್ಟನ್ನು ಎತ್ತಿ ತಾನೇ ಗುರುತು ಹಾಕಿ ಅವನ ಮುಂದಿಟ್ಟಳು. ಕೊನೆಯದು ಮುಗಿಯುವವರೆಗೆ ಕೈ ಬಿಡಲಿಲ್ಲ.