ಮಂಗಳವಾರದ ಸದಸ್ಯರ ಸುದ್ದಿ

ಲೊರೇನ್ ಬನ್ನು ಸೀಳಿ ಬೆಣ್ಣೆ ಸವರುತ್ತಿದ್ದಾಗ ಸಿಗ್ನಿ ಮೆಟ್ಟಿಲಿಳಿದು, ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ನೇರವಾಗಿ ಬಂದಳು.

“ಲೊರೇನ್, ಅಪ್ಪನ ಕ್ಲಬ್ಬಿನ ಬಿಲ್ಲೆ ಎಲ್ಲೂ ಸಿಗ್ತಾ ಇಲ್ಲ. ಮನೆಯೆಲ್ಲ ಜಾಲಾಡಿಬಿಟ್ಟೆ. ಹನ್ನೊಂದಕ್ಕೆ ಶವಪೆಟ್ಟಿಗೆ ಮುಚ್ತಾರೆ. ನಿಮ್ಹತ್ರ ಇನ್ನೊಂದು ಇರಬಹುದಾ?”

“ನೋಡ್ತೀನಿ ಕಣಮ್ಮ,” ಎಂದಳು ಲೊರೇನ್, ತಲೆ ಎತ್ತದೆ. ಸಿಗ್ನಿ ಮೇಲೆ ಹೋದಳು.

ಬಿಲ್ಲೆ ಲೊರೇನ್‌ಳ ಕೈಚೀಲದಲ್ಲೇ ಇತ್ತು. ಅಮೆರಿಕದ ಡಕೋಟದ ಆ ಸಣ್ಣ ಊರಿನ ಸೇವಾ ಕ್ಲಬ್ಬಿನಲ್ಲಿ ಸದಸ್ಯರು ಯಾರಾದರೂ ತೀರಿಕೊಂಡರೆ ಅವರ ಕೋಟಿಗೆ ಬಿಲ್ಲೆ ಸಿಕ್ಕಿಸುವುದು, ಉಳಿದವರು ಚರ್ಚಿನ ಬಾಗಿಲಿನಿಂದ ಶವದ ಕಾರಿನವರೆಗೆ ಎರಡು ಸಾಲಾಗಿ ನಿಲ್ಲುವುದು ವಾಡಿಕೆ. ಸದಸ್ಯರಿಗೆ ಮಾತ್ರ. ಸಿಗ್ನಿಯ ಅಪ್ಪ ಹಾರ್ಲನ್ ಟ್ವೇಟ್ ಮೂವತ್ತೊಂದು ವರ್ಷ ಸದಸ್ಯನಾಗಿದ್ದ, ಕೊನೆಯ ಎರಡು ವರ್ಷ ಆಗಿರಲಿಲ್ಲ. ಹೆಸರು ಹೊಡೆದುಹಾಕಿದ್ದವಳು ಕಾರ್ಯದರ್ಶಿ ಲೊರೇನ್. ಅವನು ಅದನ್ನು ಮಗಳಿಗೂ ಹೇಳಿರಲಿಲ್ಲ.

“ಬಿಲ್ಲೆ ಸುಮ್ನೆ ಕೊಟ್ಬಿಡು,” ಎಂದ ಕಾಫಿ ಪಾತ್ರೆಗೆ ನೀರು ಹಿಡಿಯುತ್ತಿದ್ದ ಕ್ಲಬ್ಬಿನ ಅಧ್ಯಕ್ಷ ವಾರೆನ್.

“ಸಾಲು ನಿಲ್ಲಿಸ್ತೀಯಾ?”

“ಅದು ಹೇಗಾಗುತ್ತೆ? ಹೋದ ವರ್ಷ ಸದಸ್ಯತ್ವ ಬಿಟ್ಟಿದ್ದ ಹೆಲ್ಗಾ ಸತ್ತಾಗ ಆಗೋದೇ ಇಲ್ಲ ಅಂತ ಪಟ್ಟು ಹಿಡಿದವಳು ನೀನೇ ಅಲ್ವಾ ತಾಯಿ?”

ಸಾಲು ನಿಲ್ಲದಿದ್ದರೆ ಸಿಗ್ನಿ ಕಾರಣ ಕೇಳುತ್ತಾಳೆ. ಲೊರೇನ್ ಇನ್ನೊಂದು ಬನ್ನು ಸೀಳಿದಳು.

* * *

ಲೊರೇನ್‌ಗೆ ನಿಯಮವೆಂದರೆ ಪ್ರಾಣ. ಮಂಗಳವಾರ ಮಧ್ಯಾಹ್ನದ ಊಟದ ಸಭೆಗೆ ಸತತ ನಾಲ್ಕು ಸಲ ಬಾರದಿದ್ದರೆ ಸದಸ್ಯತ್ವ ಹೋಗುತ್ತದೆ. ಆ ಹೊತ್ತಿನಲ್ಲಿ ಬೇರೆಲ್ಲೋ ಸೇವೆ ಮಾಡಿದ್ದರೆ ಒಂದು ಚೀಟಿ ಬರೆದುಕೊಟ್ಟರೂ ಸಾಕು, ಹಾಜರಿ ಸಿಗುತ್ತದೆ. ಎರಡು ವರ್ಷದ ಹಿಂದೆ ಹಾರ್ಲನ್ ಆರು ವಾರ ಬಂದಿರಲಿಲ್ಲ.

“ಎಲ್ಲಿಗೆ ಹೋಗ್ತೀಯಪ್ಪ ಮಂಗಳವಾರ?”

“ಸ್ವಲ್ಪ ಕೆಲಸ ಇರುತ್ತೆ.”

“ಅದನ್ನೇ ಚೀಟೀಲಿ ಬರ್ಕೊಡು.”

“ಬರೆಯೋ ಹಾಗಿಲ್ಲ, ಲೊರೇನ್.”

ಅವಳಿಗೆ ರೇಗಿತು. ಕ್ಲಬ್ ಪತ್ರಿಕೆಯ ‘ಸದಸ್ಯರ ಸುದ್ದಿ’ಯಲ್ಲಿ, ಕಾಯಿಲೆಯವರ ಪಟ್ಟಿಯ ಕೆಳಗೆ, ಹಾರ್ಲನ್‌ನ ಸದಸ್ಯತ್ವ ಮುಗಿದಿದೆ ಎಂದು ಒಂದು ಸಾಲು ಹಾಕಿದಳು. ಅವನಿಗೆ ಪತ್ರಿಕೆ ಕಳಿಸುವುದನ್ನೂ ನಿಲ್ಲಿಸಿದಳು. ಅವನು ಬಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟು, “ಶನಿವಾರ ಕ್ಲಬ್ಬಿನ ತಿಂಡಿಗೆ ಪ್ಯಾನ್‌ಕೇಕ್ ಹಿಟ್ಟು ಕಲಸೋಕೆ ಎಷ್ಟೊತ್ತಿಗೆ ಬರ್ಲಿ?” ಎಂದು ಕೇಳಿದ. ಐದಕ್ಕೆ ಎಂದಳು. ನಾಲ್ಕೂವರೆಗೇ ಬಂದ. ಮುಂದೆಯೂ ಕ್ಲಬ್ಬಿನ ಒಂದು ಕೆಲಸವನ್ನೂ ಅವನು ತಪ್ಪಿಸಲಿಲ್ಲ.

* * *

“ಲೊರೇನ್ ಇದ್ದಾಳೇನ್ರಪ್ಪ ಇಲ್ಲಿ?”

ಅಡುಗೆಮನೆಯ ಬಾಗಿಲಲ್ಲಿ ಮುದುಕನೊಬ್ಬ ಕೋಲಿನಿಂದ ಗೋಡೆ ತಡವುತ್ತ ನಿಂತಿದ್ದ. ಕ್ಲಬ್ ಕಟ್ಟಿದವರಲ್ಲಿ ಉಳಿದ ಒಬ್ಬನೇ ಒಬ್ಬ, ಹಾಗಾಗಿ ಹಾಜರಿಯಿಂದ ವಿನಾಯಿತಿ ಇದ್ದ, ಊರಾಚೆಯ ಹೊಲದ ಮನೆಯ ಓರೆಸ್ಟ್ ಪಾವ್ಲುಕ್. ಓದೋಕೆ ಪುರುಸೊತ್ತಿಲ್ಲ, ಪತ್ರಿಕೆ ಕಳಿಸಬೇಡಿ ಎಂದು ಫೋನಿನಲ್ಲಿ ಗದರಿದ ಮೇಲೆ ಅವನ ಸುದ್ದಿಯೇ ಇರಲಿಲ್ಲ. ಈಗ ಅವನ ನೋಟ ಲೊರೇನ್‌ಳ ಮೇಲೆ ನಿಲ್ಲದೆ ಎತ್ತಲೋ ಹೋಗುತ್ತಿತ್ತು.

“ಓರೆಸ್ಟ್, ನಿಮ್ಮ ಕಣ್ಣು...”

“ಹೋಗಿ ಎರಡು ವರ್ಷದ ಮೇಲಾಯ್ತು. ನಿನ್ನ ಕಾಯಿಲೆಯವರ ಪಟ್ಟೀಲಿ ನನ್ನ ಹೆಸರು ಬಂದ್ರೆ ಊರೆಲ್ಲ ಅಯ್ಯೋ ಪಾಪ ಅನ್ನುತ್ತೆ. ಯಾರ ಹತ್ರಾನೂ ಬಾಯಿ ಬಿಡಬೇಡ ಅಂತ ಹಾರ್ಲನ್ ಕೈಲಿ ಆಣೆ ಮಾಡಿಸ್ಕೊಂಡಿದ್ದೆ. ಮಂಗಳವಾರ ಮಧ್ಯಾಹ್ನ ಆದ್ರೆ ಸಭೆ ನೆನಪಾಗಿ ಸಂಕಟ ಆಗುತ್ತೆ ಅಂದಿದ್ದೆ, ಅದಕ್ಕೇ ಆ ಹೊತ್ತಿಗೇ ಬರ್ತಿದ್ದ. ಸೂಪು ಬಿಸಿ ಮಾಡಿ ಕೊಟ್ಟು, ಪತ್ರಿಕೆ ಓದಿ ಹೇಳೋನು.”

“ಪತ್ರಿಕೆನಾ? ಈಚೆಗೂ?”

“ಹೋದ ವಾರ ಕೂಡ. ಚೆನ್ನಾಗಿ ಬರೀತೀಯಮ್ಮ ಈಗೀಗ. ಮೊದಲು ಬರೀ ಹಾಜರಿ, ನಿಯಮ, ಅದೇ ಗೋಳು. ನನ್ನ ಎಂಬತ್ತೆಂಟನೇ ಹುಟ್ಟುಹಬ್ಬಕ್ಕೆ ಎಲ್ರೂ ಎದ್ದು ನಿಂತು ಹಾಡಿದ್ರಂತಲ್ಲ! ಓರೆಸ್ಟ್ ಇಲ್ದೆ ಸಭೆ ಸಪ್ಪೆ ಅಂತ ವಾರೆನ್ ಅಂದನಂತೆ. ಆ ಜುಗ್ಗ ಅಷ್ಟು ಒಳ್ಳೆ ಮಾತಾಡ್ತಾನೆ ಅಂತ ನಾನು ಅಂದ್ಕೊಂಡಿರ್ಲಿಲ್ಲ.”

ವಾರೆನ್ ನಲ್ಲಿ ನಿಲ್ಲಿಸಿದ. ಯಾರೂ ಹಾಡಿರಲಿಲ್ಲ. ಓರೆಸ್ಟ್‌ನ ಹೆಸರನ್ನು ಸಭೆಯಲ್ಲಿ ಯಾರೂ ಎತ್ತಿಯೂ ಇರಲಿಲ್ಲ. ಪತ್ರಿಕೆಯೇ ಸಿಗದ ಹಾರ್ಲನ್ ಅದನ್ನೆಲ್ಲ ತಾನೇ ಕಟ್ಟಿ ಹೇಳಿದ್ದ. ಲೊರೇನ್‌ಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಅವನು ಬದುಕಿದ್ದಾಗ ಒಂದು ಸಲವಾದರೂ ಸಮಾಧಾನವಾಗಿ ಕೇಳಬೇಕಿತ್ತು ಎನಿಸಿತು.

“ಈ ವಾರದ್ದು ಓದಿ ಹೇಳೋಕೆ ಅವನಿಲ್ಲ,” ಎಂದ ಓರೆಸ್ಟ್. “ಇದೆಯಾ ನಿನ್ಹತ್ರ?”

ಬಿಲ್ಲೆ ಕೇಳಲು ಮತ್ತೆ ಬಂದಿದ್ದ ಸಿಗ್ನಿ ಅವನ ಹಿಂದೆ ನಿಂತಿದ್ದಳು. ಲೊರೇನ್ ಕೈಚೀಲ ತೆರೆದು ಬಿಲ್ಲೆಯನ್ನು ಅವಳ ಅಂಗೈಗೆ ಹಾಕಿದಳು. ಆಮೇಲೆ ಮೇಜಿನಿಂದ ಒಂದು ಪೇಪರ್ ನ್ಯಾಪ್ಕಿನ್ ತೆಗೆದುಕೊಂಡು, ಮಡಿಕೆ ಬಿಡಿಸಿ ಮುಖದ ಮುಂದೆ ಹಿಡಿದಳು.

“ಸದಸ್ಯರ ಸುದ್ದಿ,” ಎಂದು ಜೋರಾಗಿ ಓದಿದಳು. “ಎರಡು ವರ್ಷಗಳ ಹಿಂದೆ ಹಾರ್ಲನ್ ಟ್ವೇಟ್ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗಿತ್ತು. ಅದು ಕಾರ್ಯದರ್ಶಿಯ ತಪ್ಪು. ಹಾರ್ಲನ್ ಒಂದು ಮಂಗಳವಾರವನ್ನೂ ತಪ್ಪಿಸಿಲ್ಲ. ಇವತ್ತು ಸದಸ್ಯರೆಲ್ಲ ಅವರಿಗಾಗಿ ಎರಡು ಸಾಲಾಗಿ ನಿಲ್ಲುತ್ತಾರೆ.”

ವಾರೆನ್ ತಲೆಯಾಡಿಸಿದ. ಸಿಗ್ನಿ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಅಳುತ್ತಿದ್ದಳು.

“ತೆಗೆದಿದ್ರಾ? ನಂಗೊಂದು ಮಾತು ಹೇಳ್ಲಿಲ್ಲ ನೋಡು ಅವನು,” ಎಂದ ಓರೆಸ್ಟ್. ಆಮೇಲೆ ಸಂಕೋಚದಿಂದ ಕೇಳಿದ: “ಈ ಸಲ ನನ್ನ ಬಗ್ಗೆ ಏನೂ ಇಲ್ವಾ?”

“ಇದೆ, ಓರೆಸ್ಟ್. ಹಿಂದಿನ ಪುಟದಲ್ಲಿದೆ,” ಎಂದು ಲೊರೇನ್ ಖಾಲಿ ಕಾಗದವನ್ನು ತಿರುಗಿಸಿ ಹಿಡಿದಳು.