ಮೇಲಿನ ಬೋಲ್ಟು

ವಾರಕ್ಕೊಂದು ರಜೆ, ಅದನ್ನೂ ಗಾಡಿಯ ಅಡಿಯಲ್ಲೇ ಕಳೆಯಬೇಕೆಂದು ನನ್ನ ಹಣೆಯಲ್ಲಿ ಬರೆದಿದೆ. ಉಳಿದ ದಿನವೆಲ್ಲ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು ನಿಂತು ಕಾಲುಗಳು ಮರದ ಕೊರಡಾಗಿರುತ್ತವೆ. ಭಾನುವಾರ ಸ್ವಲ್ಪ ಹೊತ್ತು ಹೊದ್ದು ಮಲಗೋಣವೆಂದರೆ ಅಣ್ಣನ ಫೋನು.

"ಏ ಮಾತ್ರೆ, ಎದ್ಯಾ ಇಲ್ವಾ? ಗಾಡಿಗೆ ಹಿಂದಿನ ಚಕ್ರದ ಆಯಿಲ್ ಬದಲಾಯ್ಸ್ಬೇಕು, ಬಾ."

ನಾನು ಮಾತ್ರೆ ಮಾರಲು ಶುರು ಮಾಡಿದಂದಿನಿಂದ ಅಣ್ಣನ ಬಾಯಲ್ಲಿ ನನ್ನ ಹೆಸರು ಅದೇ.

ಅಣ್ಣನದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥ ಹಳೆಯ ಜೀಪು. ಕೆಸರು, ಕಲ್ಲು, ಕಡಿದಾದ ಏರು, ಯಾವುದಕ್ಕೂ ಜಗ್ಗುವುದಿಲ್ಲ. ಮನೆಯ ಮುಂದೆ ಸುಮ್ಮನೆ ನಿಂತಾಗ ಮಾತ್ರ ಎಲ್ಲಿಂದಲಾದರೂ ತೊಟ್ಟಿಕ್ಕುತ್ತಿರುತ್ತದೆ. ಅಣ್ಣ ವೆಲ್ಡಿಂಗ್ ಕೆಲಸ ಮಾಡಿ ಬಾಳಿದವನು. ಗ್ಯಾರೇಜಿನವರ ಕೈಗೆ ಗಾಡಿ ಕೊಡುವುದೆಂದರೆ ಅವನಿಗೆ ಜೀವವೇ ಹೋದಂತೆ. ಹಾಗಾಗಿ ಆಯಿಲ್ಲು, ಗ್ರೀಸು, ಬ್ರೇಕು ಎಲ್ಲವೂ ನಾವಿಬ್ಬರೇ. ನಾವಿಬ್ಬರೇ ಎಂದರೆ ಕೆಲಸ ಅರ್ಧ, ಜಗಳ ಅರ್ಧ. ಸ್ಪ್ಯಾನರ್ ಹಿಡಿಯುವ ರೀತಿಯಿಂದ ಹಿಡಿದು ಕೈ ಒರೆಸುವ ಚಿಂದಿಬಟ್ಟೆಯ ತನಕ ನಾವು ಒಮ್ಮತದಿಂದ ಮಾಡಿದ ಕೆಲಸ ಒಂದೂ ಇಲ್ಲ. ಅವನು ಸರಿಯಾಗಿ ಹೇಳಿದರೂ ನಾನು ತಕರಾರು ತೆಗೆಯುತ್ತಿದ್ದೆ, ನಾನು ಸರಿಯಾಗಿ ಮಾಡಿದರೂ ಅವನು ಬೈಯುತ್ತಿದ್ದ. ನಿಜ ಹೇಳಬೇಕೆಂದರೆ, ನನ್ನ ಭಾನುವಾರಗಳಿಗೆ ಇದ್ದ ಸುಖ ಅದೊಂದೇ.

ಆದರೆ ಈಗ ಜಗಳ ಆಡುವ ಹಾಗಿರಲಿಲ್ಲ. ಅಣ್ಣನಿಗೆ ಮರೆವಿನ ಕಾಯಿಲೆ ಹಿಡಿದಿದೆಯೆಂದು ಡಾಕ್ಟರು ಅತ್ತಿಗೆಗೂ ನನಗೂ ಹೇಳಿದ್ದರು. ಅಣ್ಣನಿಗೆ ತಿಳಿಸುವುದು ಬೇಡವೆಂದು ಅತ್ತಿಗೆ ಹಟ ಹಿಡಿದಿದ್ದರು. ಡಾಕ್ಟರು ಆಡಿದ ಅಷ್ಟೂ ಮಾತಿನಲ್ಲಿ ಅವರು ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದೇ: ರೋಗಿಗೆ ಎದುರಾಡಬೇಡಿ, ಮನಸ್ಸಿಗೆ ಬೇಜಾರು ಮಾಡಬೇಡಿ. ಕಾಯಿಲೆಯ ಮಾತ್ರೆಗಳನ್ನು ನಾನೇ ಅಂಗಡಿಯಿಂದ ತಂದು, ವಿಟಮಿನ್ ಡಬ್ಬಿಗೆ ತುಂಬಿ ಕೊಡುತ್ತಿದ್ದೆ. "ಶಕ್ತಿಗೆ ಒಳ್ಳೇದು ಅಣ್ಣ" ಎಂದರೆ ಎರಡನೇ ಮಾತಿಲ್ಲದೆ ನುಂಗುತ್ತಿದ್ದ. ನಾನು ಕೊಟ್ಟದ್ದನ್ನು ಅವನು ಅಷ್ಟು ನಂಬಿಕೆಯಿಂದ ನುಂಗುವಾಗ ನಾನು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಬೇರೆಡೆ ನೋಡುತ್ತಿದ್ದೆ.

ಅತ್ತಿಗೆ ಬಾಗಿಲಲ್ಲೇ ನನ್ನನ್ನು ತಡೆದರು.

"ನೋಡಪ್ಪಾ, ಅವರು ಏನಂದ್ರೂ ಹೂಂ ಅನ್ನು. ಇವತ್ತೊಂದಿನ ನಿನ್ನ ಬಾಯಿಗೆ ಹೊಲಿಗೆ ಹಾಕ್ಕೊ."

"ಇವತ್ತೊಂದಿನಾನಾ? ಎಷ್ಟು ದಿನ ಅತ್ತಿಗೆ ಹಿಂಗೆ? ಅವನ ಕಾಯಿಲೆ, ಅವನಿಗೇ ಗೊತ್ತಿಲ್ಲ ಅಂದ್ರೆ?"

"ಗೊತ್ತಾದ್ರೆ ಕುಸಿದು ಹೋಗ್ತಾರೆ. ಅದನ್ನ ನೋಡೋ ಶಕ್ತಿ ನಂಗಿಲ್ಲ."

ಅವರ ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ರಾತ್ರಿಯೆಲ್ಲ ಅಣ್ಣ ಎದ್ದು ಮನೆ ತುಂಬ ಓಡಾಡುತ್ತಾನೆ, ಅವನ ಹಿಂದೆ ಇವರೂ ಓಡಾಡುತ್ತಾರೆ. ನಾನು ಹೂಂ ಎಂದೆ. ಇತ್ತೀಚೆಗೆ ನನ್ನ ಬಾಯಿಂದ ಸಲೀಸಾಗಿ ಹೊರಡುವುದು ಅದೊಂದೇ.

ಅಣ್ಣನಿಗೆ ಮಂಡಿ ನೋವು. ಗಾಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ರಾಜನಂತೆ ಕೂತಿದ್ದ. ನಾನು ರಟ್ಟು ಹಾಸಿಕೊಂಡು ಅಡಿಗೆ ತೆವಳಿದೆ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಕಬ್ಬಿಣದ ಗುಂಡೊಂದಿದೆ. ಅದರೊಳಗೆ ಹಲ್ಲುಚಕ್ರಗಳು, ಅವು ಸವೆಯದಂತೆ ಆಯಿಲ್ಲು. ಹೊರಗೆ ಎರಡು ಬೋಲ್ಟು: ಕೆಳಗಿನದು ಹಳೆಯ ಆಯಿಲ್ ಇಳಿಸಲು, ಮೇಲಿನದು ಹೊಸದು ತುಂಬಲು. ಮೊದಲು ಬಿಚ್ಚಬೇಕಾದದ್ದು ಮೇಲಿನದನ್ನು. ಅದು ಬಿಚ್ಚಿಕೊಂಡಿತೆಂದು ಖಾತ್ರಿಯಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಬೇಕು. ಇಲ್ಲವಾದರೆ ಇದ್ದ ಆಯಿಲ್ಲನ್ನೂ ಕಳೆದುಕೊಂಡು, ಹೊಸದನ್ನು ತುಂಬಲು ದಾರಿಯಿಲ್ಲದೆ, ಗಾಡಿಯನ್ನು ಬೀದಿಯ ತುದಿಗೂ ಓಡಿಸಲಾಗದೆ ಕೂರಬೇಕಾಗುತ್ತದೆ. ಇದನ್ನು ನನಗೆ ತಲೆಯ ಮೇಲೆ ಮೊಟಕಿ ಮೊಟಕಿ ಕಲಿಸಿದವನು ಅಣ್ಣ.

"ಕೆಳಗಿಂದು ಬಿಚ್ಚು" ಎಂದ ಅಣ್ಣ.

ನನ್ನ ಕೈ ನಿಂತಿತು. "ಕೆಳಗಿಂದಾ?"

"ಹೂಂ ಮತ್ತೆ! ಹಳೇದು ಹೋಗ್ದೆ ಹೊಸದನ್ನ ಎಲ್ಲಿಗೆ ತುಂಬ್ತೀಯ, ನಿನ್ನ ತಲೆಗಾ?"

ಬೇರೆ ದಿನವಾಗಿದ್ದರೆ ಗಾಡಿಯ ಅಡಿಯಿಂದ ಎದ್ದು ಬಂದು ಕುಣಿದಾಡಿಬಿಡುತ್ತಿದ್ದೆ. ಬಾಗಿಲ ಕಡೆ ನೋಡಿದರೆ ಅತ್ತಿಗೆಯ ಕಣ್ಣು ನನ್ನ ಮೇಲೇ ಇತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಹೋದ ಸಲ ಮೇಲಿನ ಬೋಲ್ಟು ಬಿಚ್ಚಿತ್ತಲ್ಲ, ಈ ಸಲವೂ ಬಿಚ್ಚೀತು ಎಂದು ಸಮಾಧಾನ ಮಾಡಿಕೊಂಡೆ.

"ಸರಿ ಅಣ್ಣ."

ಕೆಳಗಿನದು ಒಂದೇ ಎಳೆತಕ್ಕೆ ಸಡಿಲವಾಯಿತು. ಕಪ್ಪಗಿನ ಆಯಿಲ್ಲು ಗಳಗಳ ಬೇಸಿನ್ನಿಗೆ ಇಳಿಯಿತು. ಕೊಳೆತ ಮೊಟ್ಟೆಯ ವಾಸನೆ, ಮೊಣಕೈ ತನಕ ಜಿಡ್ಡು. ಕೊನೆಯ ಹನಿ ತೊಟ್ಟಿಕ್ಕುವವರೆಗೆ ಕಾದು ಮೇಲಿನದಕ್ಕೆ ಸ್ಪ್ಯಾನರ್ ಕೊಟ್ಟೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದೆ, ಸುತ್ತಿಗೆಯಿಂದ ಕುಟ್ಟಿದೆ. ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿ ಎರಡೂ ಕಾಲನ್ನು ಚಕ್ರಕ್ಕೆ ಕೊಟ್ಟು ಎಳೆದೆ. ತುಕ್ಕಿನ ಪುಡಿ ಕಣ್ಣಿಗೆ ಬಿತ್ತು. ಮತ್ತೆ ಎಳೆದಾಗ ಬೋಲ್ಟಿನ ಮೂಲೆಗಳೇ ಸವೆದು, ಸ್ಪ್ಯಾನರ್ ಜಾರಿ ಗೆಣ್ಣಿನ ಚರ್ಮ ಕಿತ್ತು ಬಂತು. ಇನ್ನು ನನ್ನ ಕೈಲಾಗದೆಂದು ಅಲ್ಲೇ ಬೆನ್ನು ಚೆಲ್ಲಿದೆ. ಇಡೀ ದಿನ ಹಾಗೇ ಬಿದ್ದಿರೋಣ ಅನ್ನಿಸಿತು.

ನನಗೆ ಕಾಣುತ್ತಿದ್ದುದು ಚಪ್ಪಲಿ ಹಾಕಿದ ಅಣ್ಣನ ಪಾದಗಳಷ್ಟೇ. ಆಮೇಲೆ ನರಳುತ್ತಾ ಮಂಡಿಯೂರಿದ, ನೆಲಕ್ಕೆ ಕೆನ್ನೆ ತಾಗಿಸಿ ಒಳಗೆ ನೋಡಿದ. ತುಂಬಿದ ಬೇಸಿನ್ನನ್ನು ನೋಡಿದ, ಬೋಲ್ಟನ್ನು ನೋಡಿದ, ನನ್ನನ್ನು ನೋಡಿದ.

"ಮೊದ್ಲು ಮೇಲಿಂದಲ್ವೇನೋ ಬಿಚ್ಚೋದು?"

ನಾನು ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡೆ.

"ಕೆಳಗಿಂದು ಅಂತ ನಾನೇ ಹೇಳ್ದೆ, ಅಲ್ವಾ?"

"ಹೋಗ್ಲಿ ಬಿಡಣ್ಣ. ಯಾರಿಗಾದ್ರೂ ಆಗತ್ತೆ."

"ನಾನು ತಪ್ಪು ಹೇಳಿದ್ದು ಹಾಳಾಗ್ಲಿ. ನೀನ್ಯಾಕೆ ಸುಮ್ನಿದ್ದೆ?"

ನಾನು ಬೇಸಿನ್ನನ್ನು ಪಕ್ಕಕ್ಕೆ ಸರಿಸತೊಡಗಿದೆ.

"ಸರಿಯಾಗಿ ಹೇಳಿದ್ರೇ ಜಗಳಕ್ಕೆ ಬರೋನು ನೀನು. ಇವತ್ತು ತಪ್ಪು ಹೇಳಿದ್ರೆ ಸರಿ ಅಣ್ಣ ಅಂತೀಯ. ನಿನ್ನ ಅತ್ತಿಗೇನೂ ಅಷ್ಟೇ. ಈಚೆಗೆ ಈ ಮನೇಲಿ ಯಾರೂ ನನ್ನ ಮೇಲೆ ರೇಗೇ ಇಲ್ಲ ಕಣೋ." ಅವನ ದನಿ ಇಳಿಯಿತು. "ನಂಗೇನಾಗಿದೆ, ಹೇಳು."

ತೆವಳಿಕೊಂಡು ಹೊರಗೆ ಬಂದು ಚಕ್ರಕ್ಕೆ ಒರಗಿ ಅವನ ಪಕ್ಕ ಕೂತೆ. ಬಾಗಿಲಲ್ಲಿ ನಿಂತ ಅತ್ತಿಗೆ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರು. ಅವರ ಕಡೆಯಿಂದ ಮುಖ ತಿರುಗಿಸಿದೆ. ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು.

"ಮರೆವಿನ ಕಾಯಿಲೆ ಅಂತೆ ಅಣ್ಣ. ವಾಸಿ ಆಗಲ್ವಂತೆ, ಹೆಚ್ಚಾಗ್ತಾನೇ ಹೋಗತ್ತಂತೆ. ನಾನು ಕೊಡ್ತಿರೋದು ವಿಟಮಿನ್ ಅಲ್ಲ."

ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕೂತರು. ಅಣ್ಣ ಕುಸಿಯಲಿಲ್ಲ. ಅಂಗೈಗೆ ಹತ್ತಿದ ಮಣ್ಣನ್ನು ನಿಧಾನವಾಗಿ ಉಜ್ಜಿ ಉಜ್ಜಿ ತೆಗೆದ.

"ಏನೇನು ಮರ್ತಿದ್ದೀನಿ?"

"ಬೇಡ ಬಿಡು."

"ಹೇಳೋ."

"ಮೊನ್ನೆ, ಅಮ್ಮ ಎಲ್ಲಿ ಅಂತ ಕೇಳ್ದೆ."

ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆಸ್ಪತ್ರೆಯಲ್ಲಿ ಕೊನೆಯವರೆಗೂ ಅವಳ ಕೈ ಹಿಡಿದು ಕೂತಿದ್ದವನು ಅಣ್ಣನೇ. ನಾನು ಹೊರಗಿನ ಬೆಂಚಿನ ಮೇಲೆ ಅಳುತ್ತಾ ಕೂತಿದ್ದೆ.

"ನೀನೇನಂದೆ?"

"ಒಳಗೆ ಮಲಗಿದಾಳೆ ಅಂದೆ."

"ನಾನು ನಂಬಿದ್ನಾ?"

"ನಂಬ್ದೆ. ಸದ್ದು ಮಾಡ್ಬೇಡ, ಎದ್ದುಬಿಡ್ತಾಳೆ ಅಂತ ನಂಗೇ ಗದರಿದೆ."

ಅಣ್ಣ ಚಿಂದಿಬಟ್ಟೆಯಿಂದಲೇ ಮುಖ ಒರೆಸಿಕೊಂಡ, ಕೆನ್ನೆಗೆಲ್ಲ ಜಿಡ್ಡಾಯಿತು.

"ಇನ್ನೊಂದ್ಸಲ ಕೇಳಿದ್ರೆ ಇಲ್ಲ ಅನ್ನು. ಸತ್ತು ಹೋದ್ಲು ಅನ್ನು."

"ಅವಾಗ ನೀನು ಅಳ್ತೀಯ ಅಣ್ಣ. ಕೇಳಿದಾಗೆಲ್ಲ, ಈಗಷ್ಟೇ ಹೋದ್ಲು ಅನ್ನೋ ಹಂಗೆ ಅಳ್ತೀಯ."

"ಅತ್ರೆ ಅಳ್ತೀನಿ. ನನ್ನಮ್ಮನಿಗೆ ನಾನು ಅತ್ರೆ ನಿಂಗೇನು ಕಷ್ಟ?"

"ಹೇಳೋನು ನಾನಲ್ವಾ? ದಿನಾ ಬಂದು ನಿಂಗೆ ಅಮ್ಮನ ಸಾವು ಹೇಳೋಕೆ ನನ್ನ ಕೈಲಾಗಲ್ಲ."

"ಹೇಳ್ಬೇಕು."

"ಹೇಳಲ್ಲ."

"ಕತ್ತೆ! ದೊಡ್ಡೋನು ಹೇಳ್ತಿದ್ದೀನಿ, ಹೇಳು ಅಂದ್ರೆ ಹೇಳು!"

"ಹೇಳಲ್ಲ ಅಂದ್ರೆ ಹೇಳಲ್ಲ! ಏನ್ಮಾಡ್ಕೊತೀಯ?"

ಇಬ್ಬರ ದನಿಯೂ ಬೀದಿಗೆ ಕೇಳುವಷ್ಟು ಏರಿತ್ತು. ಅಣ್ಣ ನನ್ನ ಅಂಗಿಯ ಕಾಲರ್ ಹಿಡಿದುಕೊಂಡಿದ್ದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ನನ್ನ ಕಣ್ಣಿಂದಲೂ. ಅತ್ತಿಗೆ ಓಡಿ ಬಂದವರು ಬಿಡಿಸಲು ಕೈ ಮುಂದೆ ಮಾಡಿ, ಯಾಕೋ ಹಾಗೇ ನಿಂತುಬಿಟ್ಟರು. ನನ್ನ ಮೈಯಲ್ಲಿ ಸೊಂಟ ನೆಟ್ಟಗೆ ಮಾಡುವಷ್ಟೂ ತ್ರಾಣ ಉಳಿದಿರಲಿಲ್ಲ. ಆದರೂ ಆ ಜಗಳವನ್ನು ಅವನಿಗೆ ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ.