ನಮ್ಮವರ ಇಂಗ್ಲಿಷು

ಥಾಣೆಯ ವರ್ತಕ ನಗರದ ನಮ್ಮ ಬಿಲ್ಡಿಂಗಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಸಿಕೊಳ್ಳುವವರು ಎರಡೇ ಬಗೆ: ಒಂದು ಚಿಕ್ಕ ಮಕ್ಕಳು, ಇನ್ನೊಂದು ನಾಯಿಗಳು. ಮೂರನೇ ಮಾಳಿಗೆಯ ಜಯೇಶ್ ಹೆಂಡತಿಯ ಹತ್ತಿರ ಮರಾಠಿ ಮಾತಾಡುತ್ತಾನೆ, ಹಾಲಿನವನ ಹತ್ತಿರ ಹಿಂದಿ. ಲಿಫ್ಟಿನಲ್ಲಿ ನಾಯಿಯ ಹತ್ತಿರ ಮಾತ್ರ "ಸಿಟ್, ಸ್ಟೇ, ಗುಡ್ ಬಾಯ್". ನಾಯಿಯೂ ಮಗುವೂ ತಿರುಗಿ ತಪ್ಪು ಹಿಡಿಯುವುದಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ನಾನು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೇನೆ. ನನ್ನ ಮೊಮ್ಮಗಳು ಆಶ್ರಿತಾಳಿಗೆ ಮೂರೂವರೆ ತುಂಬಿದ ಮೇಲೆ ನಗುವ ಸರದಿ ಬೇರೆಯವರದಾಯಿತು.

ನನ್ನ ಹೆಸರು ನಳಿನಾಕ್ಷಿ. ಕಾರ್ಕಳದ ಕಡೆಯವಳು, ಮದುವೆಯಾಗಿ ಥಾಣೆಗೆ ಬಂದು ನಲವತ್ತು ವರ್ಷವಾಯಿತು. ಮನೆಯಲ್ಲಿ ತುಳು, ಓದಲಿಕ್ಕೆ ಕನ್ನಡ, ಮೀನು ಮಾರ್ಕೆಟ್ಟಿಗೆ ಮರಾಠಿ, ರಿಕ್ಷಾಕ್ಕೆ ಹಿಂದಿ. ನಾಲ್ಕು ಭಾಷೆಯಲ್ಲಿ ಜಗಳ ಮಾಡಬಲ್ಲೆ. ಐದನೆಯದು ಬರುವುದಿಲ್ಲ. ಅದು ಬಾರದೆ ನನ್ನ ಯಾವ ಕೆಲಸವೂ ಇದುವರೆಗೆ ನಿಂತಿರಲಿಲ್ಲ.

ಆಶ್ರಿತಾಳ ಪ್ಲೇ ಸ್ಕೂಲಿನ ಟೀಚರು ನನ್ನ ಮಗ ರಿತೇಶನನ್ನೂ ಸೊಸೆ ಮಾನಸಿಯನ್ನೂ ಕರೆಸಿ, ಮಗು ಎಲ್ಲ ಭಾಷೆ ಕಲಸಿ ಮಾತಾಡುತ್ತಿದೆ, ಹೀಗಾದರೆ ದೊಡ್ಡ ಶಾಲೆಯ ಇಂಟರ್‌ವ್ಯೂನಲ್ಲಿ ನಿಲ್ಲುವುದಿಲ್ಲ, ಇನ್ನು ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಮಗುವಿನ ಕಿವಿಗೆ ಬೀಳಬಾರದು ಎಂದರಂತೆ. ದೊಡ್ಡ ಶಾಲೆ ಎಂದರೆ ಘೋಡಬಂದರ್ ರಸ್ತೆಯದು, ಗೇಟಿನಲ್ಲೇ ಕಾರಂಜಿ ಇರುವಂಥದ್ದು. ಎರಡು ವರ್ಷದಿಂದ ಮಗನೂ ಸೊಸೆಯೂ ಆ ಶಾಲೆಯ ಜಪ ಮಾಡುತ್ತಿದ್ದರು.

ಮಾನಸಿ ಕೆಟ್ಟವಳಲ್ಲ. ಇಲ್ಲೇ ಕಾಮೋಠೆಯಲ್ಲಿ ಹುಟ್ಟಿ ಬೆಳೆದವಳು, ಮೂಲ ನಮ್ಮ ಕಡೆಯವರೇ. ಕಾಲೇಜಿನ ಮೊದಲ ದಿನ ಎದ್ದು ನಿಂತು ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿದಾಗ ಇಡೀ ಕ್ಲಾಸು ನಕ್ಕಿತ್ತಂತೆ. ಆ ನಗು ಅವಳ ಕಿವಿಯಿಂದ ಇನ್ನೂ ಹೋಗಿಲ್ಲ. ಆ ಶಾಲೆಯಲ್ಲಿ ಸೀಟು ಸಿಗುವವರೆಗೆ ಮಗುವಿನ ಹತ್ತಿರ ತುಳು ಮಾತಾಡಬೇಡಿ ಅತ್ತೆ ಎಂದು ನನ್ನ ಕೈ ಹಿಡಿದು ಕೇಳಿದಳು. ಹಾಗೆ ಕೇಳಿದವಳಿಗೆ ಇಲ್ಲ ಎನ್ನುವುದು ಹೇಗೆ?

ಹೀಗೆ ನಾನು ನನ್ನ ಮನೆಯಲ್ಲೇ ಮೂಗಿಯಾದೆ. ಉಣ್ಣು ಎನ್ನಲು ಬಾಯಿಗೆ ಕೈ ತೋರಿಸಿದೆ, ಮಲಗು ಎನ್ನಲು ಕೆನ್ನೆಗೆ ಕೈ ಇಟ್ಟೆ. ಮಗು ಎರಡು ದಿನ ಇದು ಹೊಸ ಆಟ ಎಂದುಕೊಂಡಿತು. ಮೂರನೆಯ ದಿನ ಅಜ್ಜಿಗೆ ಜ್ವರವಾ ಎಂದು ಅಜ್ಜನನ್ನು ಕೇಳಿತು.

ಅಜ್ಜನಿಗೆ ಇಂಗ್ಲಿಷ್ ಬರುತ್ತಿತ್ತು! ನನ್ನ ಗಂಡ ಪೂವಪ್ಪ ಥಾಣೆ ಸ್ಟೇಷನ್ನಿನ ಹತ್ತಿರದ ಒಂದು ಬಾರ್ ಎಂಡ್ ರೆಸ್ಟೋರೆಂಟಿನಲ್ಲಿ ಮೂವತ್ತೆಂಟು ವರ್ಷ ವೇಟರ್ ಆಗಿದ್ದವರು. ಅವರ ಇಂಗ್ಲಿಷು ಟೇಬಲ್ಲಿನ ಪಕ್ಕ ನಿಂತು ಕಲಿತದ್ದು. ಅದರಲ್ಲಿ ಇಲ್ಲ ಎಂಬ ಮಾತೇ ಇಲ್ಲ. ಗಿರಾಕಿ ಕೇಳಿದ್ದು ಮುಗಿದಿದ್ದರೆ "ಫಿನಿಶ್ ಸರ್" ಎನ್ನಬೇಕು, ಅದೇ ಉಸಿರಿನಲ್ಲಿ ಏನಿದೆಯೋ ಅದನ್ನು ಹೇಳಬೇಕು. ತಡವಾದರೆ "ಟೂ ಮಿನಿಟ್ಸ್ ಸರ್"; ಇಪ್ಪತ್ತು ನಿಮಿಷವಾದರೂ ಟೂ ಮಿನಿಟ್ಸೇ. ಗ್ಲಾಸು ಖಾಲಿಯಾದರೆ ಪಕ್ಕದಲ್ಲಿ ಬಗ್ಗಿ ಮೆಲ್ಲಗೆ "ರಿಪೀಟ್ ಸರ್?"

ರಿತೇಶ ಐರೋಲಿಯ ಆಫೀಸಿಗೆ, ಮಾನಸಿ ಬ್ಯಾಂಕಿಗೆ ಹೊರಟದ್ದೇ ತಡ, ಊಟದ ಮೇಜಿನ ಮುಂದೆ ಅಜ್ಜ ಮೊಮ್ಮಗಳ ಕ್ಲಾಸು ಶುರು. ಒಂದು ದಿನ ಅವಳು ಗಿರಾಕಿ, ಇವರು ವೇಟರು. ಮರುದಿನ ಇವರು ಗಿರಾಕಿ, ಅವಳು ವೇಟರು. ಸೊಂಟಕ್ಕೆ ನನ್ನ ಕೈವಸ್ತ್ರ ಸಿಕ್ಕಿಸಿಕೊಂಡು, ಒಂದು ಕೈ ಬೆನ್ನ ಹಿಂದೆ ಇಟ್ಟು, ಸ್ವಲ್ಪ ಬಗ್ಗಿ ಆ ಮೂರೂವರೆ ವರ್ಷದ ಹುಡುಗಿ ಮೆನು ಹೇಳುವುದನ್ನು ನೋಡಬೇಕು. ನಾನು ಅಡುಗೆಮನೆಯ ಬಾಗಿಲಿನಿಂದಲೇ ನೋಡುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ? ಹೆರಿಗೆಯ ಕೋಣೆಯಿಂದ ಹೊರಗೆ ತಂದಾಗ ಆ ಮಗುವನ್ನು ಮೊದಲು ಎತ್ತಿಕೊಂಡವಳು ನಾನು.

ಒಂದು ಮಧ್ಯಾಹ್ನ ತಡೆಯಲಾರದೆ ಇವರ ಕಿವಿಯಲ್ಲಿ ಹೇಳಿಯೇಬಿಟ್ಟೆ.

"ನಿಮ್ಮ ಇಂಗ್ಲಿಷಿನಲ್ಲಿ ಹೊಟ್ಟೆ ಮಾತ್ರ ತುಂಬ್ತದೆ. ಬುದ್ಧಿ ಎಲ್ಲಿ ತುಂಬ್ತದೆ?"

"ಹೊಟ್ಟೆ ತುಂಬದವರಿಗೆ ಬುದ್ಧಿ ಹೇಳಿ ಎಂತ ಪ್ರಯೋಜನ ಮಾರಾಯ್ತಿ," ಎಂದು ಇವರು ಮೊಮ್ಮಗಳ ಕೈಯಿಂದ ಖಾಲಿ ತಟ್ಟೆ ತೆಗೆದುಕೊಂಡು, ಅದರಲ್ಲಿ ಇಲ್ಲದ ಬಿರಿಯಾನಿಯನ್ನು ತಿಂದರು.

ಸಾಯಂಕಾಲ ಮನೆಗೆ ಬಂದ ತಂದೆ ತಾಯಿಗೆ ಮಗು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿತ್ತು. ಅವರಿಗೆ ಸಂತೋಷವೋ ಸಂತೋಷ. ಯಾವ ಇಂಗ್ಲಿಷು ಎಂದು ಕಿವಿಗೊಟ್ಟು ಕೇಳುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ಇಂಟರ್‌ವ್ಯೂಗೆ ನಮ್ಮನ್ನೂ ಕರೆದರು. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಹಗಲು ಮಗುವನ್ನು ನೋಡಿಕೊಳ್ಳುವವರೂ ಬರಬೇಕಂತೆ. ಫಾರ್ಮಿನಲ್ಲಿ ನಮಗೂ ಒಂದೊಂದು ಖಾನೆ ಇತ್ತು. ನನ್ನ ಮುಂದೆ ಹೌಸ್‌ವೈಫ್ ಎಂದು ಬರೆದಾಗಿತ್ತು. ಇವರ ಮುಂದೆ ರಿತೇಶ ಹೋಟೆಲ್ ಮಾಲಕರು ಎಂದು ಬರೆದಿದ್ದ.

ಹಿಂದಿನ ದಿನ ಅದನ್ನು ಅವನೇ ತಿಳಿಸಿದ. ಅಲ್ಲಿಗೆ ಬರುವ ಮಕ್ಕಳ ಅಜ್ಜಂದಿರೆಲ್ಲ ಡಾಕ್ಟರು, ಬಿಲ್ಡರು, ನೇವಿಯ ಆಫೀಸರು; ಅವರ ನಡುವೆ ವೇಟರ್ ಎಂದು ಬರೆದರೆ ಸೀಟಿನ ಆಸೆ ಬಿಟ್ಟಂತೆಯೇ ಎಂದ. ಕೇಳಿದರೆ ಸ್ವಂತ ಹೋಟೆಲ್ ಇತ್ತು, ಈಗ ಮಾರಿದ್ದೇವೆ ಎಂದರೆ ಸಾಕಂತೆ. ಇವರು ಮುಖ ಎತ್ತದೆ ಆಯ್ತು ಎಂದರು. ಮೂವತ್ತೆಂಟು ವರ್ಷ ಗಿರಾಕಿ ಹೇಳಿದ್ದಕ್ಕೆಲ್ಲ ಆಯ್ತು ಎಂದೇ ಅಭ್ಯಾಸ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಆದರೆ ಮಗುವಿನ ಸೀಟು ಹೋದರೆ ಆ ಪಾಪ ನನ್ನ ತಲೆಗೆ ಬರುತ್ತದೆಂದು ಹಲ್ಲು ಕಚ್ಚಿ ಕೂತೆ.

ಹೆಡ್‌ಮಿಸ್ಟ್ರೆಸ್ ಅನಘಾ ಮೇಡಂ ಎಂದರೆ ಹೆದರಿಸುವಂಥ ಹೆಂಗಸು ಇರಬಹುದು ಎಂದುಕೊಂಡಿದ್ದೆ. ನೋಡಿದರೆ ನನ್ನಷ್ಟೇ ವಯಸ್ಸು, ಹತ್ತಿ ಸೀರೆ. ಆಟದ ಹಣ್ಣು ತರಕಾರಿ ಹರಡಿದ್ದ ಒಂದು ಗಿಡ್ಡ ಮೇಜಿನ ಮುಂದೆ, ಮಕ್ಕಳ ಗಿಡ್ಡ ಕುರ್ಚಿಯಲ್ಲೇ ಕೂತಿದ್ದರು. ನಾವು ನಾಲ್ವರು ಗೋಡೆಯ ಪಕ್ಕ ಸಾಲಾಗಿ ಕೂತೆವು. ಮೇಡಂ ಆಶ್ರಿತಾಳ ಹತ್ತಿರ ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ, ಮುಂದೆ ನಡೆದದ್ದರಲ್ಲಿ ಅರ್ಧ ನಾನು ಕಣ್ಣಿನಿಂದ ಕೇಳಿದ್ದು, ಉಳಿದದ್ದು ಆಮೇಲೆ ಮಾನಸಿ ಬಿಡಿಸಿ ಹೇಳಿದ್ದು.

ಮಗು ಮೇಜು ನೋಡಿತು, ಕುರ್ಚಿ ನೋಡಿತು, ಕೂತವರನ್ನು ನೋಡಿತು. ಅಷ್ಟೇ, ಅದಕ್ಕೆ ತನ್ನ ಕೆಲಸ ಯಾವುದೆಂದು ಗೊತ್ತಾಯಿತು. ಫ್ರಾಕಿಗೆ ಪಿನ್ನು ಹಾಕಿದ್ದ ಕರವಸ್ತ್ರ ಕಿತ್ತು ಮೇಜು ಒರೆಸಿತು. ಒಂದು ಕೈ ಬೆನ್ನ ಹಿಂದೆ ಹೋಯಿತು.

"ಗುಡ್ ಈವ್ನಿಂಗ್ ಮೇಡಂ. ಹೌ ಮೆನಿ ಪರ್ಸನ್ಸ್?"

ಆಗ ಬೆಳಿಗ್ಗೆ ಹತ್ತೂವರೆ. ಮೇಡಂ ಒಂದು ಕ್ಷಣ ತಡೆದು, ಒಬ್ಬಳೇ ಎಂದು ಬೆರಳು ತೋರಿಸಿದರು. ಎ.ಸಿ. ಬೇಕೋ ನಾನ್ ಎ.ಸಿ. ಬೇಕೋ ಎಂದು ಮಗು ವಿಚಾರಿಸಿತು. ಮೇಡಂ ಸೇಬು ಕೇಳಿದರು. ಸೇಬು ಮೇಜಿನ ಮೇಲೇ ಇತ್ತು, ಆದರೂ ಮಗು "ಆ್ಯಪಲ್ ಫಿನಿಶ್ ಮೇಡಂ, ಬನಾನಾ ಫ್ರೆಶ್ ಮೇಡಂ" ಎಂದು ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟು ತಂದಿತು. ಮೇಡಂ ತಿಂದಂತೆ ಮಾಡಿ, ಆಟದ ಲೋಟದಿಂದ ನೀರು ಕುಡಿದಂತೆ ಮಾಡಿ, ಲೋಟ ಕೆಳಗಿಟ್ಟರು. ಮಗು ಅವರ ಕಿವಿಯ ಹತ್ತಿರ ಬಗ್ಗಿತು.

"ರಿಪೀಟ್, ಮೇಡಂ?"

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ರಿತೇಶನ ಕಿವಿಯವರೆಗೂ ಕೆಂಪು ಏರಿತು. ಮಾನಸಿ ತನ್ನ ಪರ್ಸಿನ ಜಿಪ್ಪನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಹಳೆಯ ಆ ಕ್ಲಾಸಿನಲ್ಲಿ ಮತ್ತೆ ನಿಂತ ಹಾಗಿತ್ತು ಅವಳ ಮುಖ. ಇದನ್ನೆಲ್ಲ ಯಾರು ಕಲಿಸಿದ್ದು ಎಂದು ಮೇಡಂ ಕೇಳಿರಬೇಕು. ಮಗು ಅಜ್ಜನನ್ನು ತೋರಿಸಿತು.

ಮೇಡಂ ಫಾರ್ಮು ನೋಡಿ, ಇವರ ಕಡೆ ತಿರುಗಿ ಏನೋ ಕೇಳಿದರು. ರಿತೇಶ ನಡುವೆ ಬಾಯಿ ಹಾಕಿ ಉದ್ದವಾಗಿ ಏನೋ ಹೇಳತೊಡಗಿದ. ಅವನ ಮಾತು ಮುಗಿಯುವ ಮೊದಲೇ ಇವರು ಎದ್ದು ನಿಂತರು. ಕೈ ತಾನಾಗಿ ಬೆನ್ನ ಹಿಂದೆ ಹೋಗಿತ್ತು.

"ವೇಟರ್, ಮೇಡಂ. ತರ್ಟಿ ಎಯ್ಟ್ ಇಯರ್ಸ್."

ಇಷ್ಟು ಇಂಗ್ಲಿಷು ನನಗೂ ತಿಳಿಯಿತು. ಮೇಡಂ ನಗಲಿಲ್ಲ, ಕುರ್ಚಿ ತೋರಿಸಿ ಕೂತುಕೊಳ್ಳಲು ಹೇಳಿದರು. ಆಮೇಲೆ ಹೊಸ ಫಾರ್ಮೊಂದನ್ನು ರಿತೇಶನ ಕೈಗೆ ಕೊಟ್ಟು, ಸರಿಯಾಗಿ ತುಂಬಿಸಿ ಸೋಮವಾರ ತನ್ನಿ, ಅದನ್ನು ನೋಡಿ ತೀರ್ಮಾನ ಮಾಡುತ್ತೇವೆ ಎಂದರಂತೆ.

ರಿಕ್ಷಾದಲ್ಲಿ ರಿತೇಶ ಮುಂದೆ ಡ್ರೈವರನ ಪಕ್ಕ ತೂರಿಕೊಂಡು ಕೂತ. ಕಾಪುರಬಾವಡಿ ಸಿಗ್ನಲಿನಲ್ಲಿ ರಿಕ್ಷಾ ನಿಂತಿತು. ಅಲ್ಲಿ ಅವನು ಹಿಂದೆ ತಿರುಗಿದ.

"ಅಪ್ಪ, ನಿನ್ನೆ ಅಷ್ಟು ಹೇಳಿದ್ದೆ. ನಾವು ಸುಳ್ಳು ಬರೆದವರು ಅಂತ ಆಯ್ತಲ್ಲ ಈಗ. ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ವಾ ನಿಮಗೆ?"

"ಹೇಳುವ ಅಂತಲೇ ಎದ್ದದ್ದು," ಎಂದರು ಇವರು. "ಸುಳ್ಳು ಹೇಳುವಷ್ಟು ಇಂಗ್ಲಿಷ್ ನಾನು ಕಲೀಲಿಲ್ಲ ಮಗಾ."

ಅವರು ತಮಾಷೆ ಮಾಡುತ್ತಿರಲಿಲ್ಲ. ರಿತೇಶ ಮುಂದೆ ತಿರುಗಿದ. ಆ ದಿನವಿಡೀ ಮನೆಯಲ್ಲಿ ಹೋಟೆಲಿನ ಆಟ ನಡೆಯಲಿಲ್ಲ. ಮಗು ಕೈವಸ್ತ್ರ ತಂದು ಕೊಟ್ಟರೆ ಇವರು ಮಡಿಸಿ ಕಪಾಟಿನಲ್ಲಿಟ್ಟರು. ಮಗುವಿನ ಹತ್ತಿರ ಮಾತಾಡುವುದನ್ನೇ ಬಿಟ್ಟುಬಿಟ್ಟರು. ಈಗ ಮನೆಯಲ್ಲಿ ಇಬ್ಬರು ಮೂಗರು. ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟವಳು ನಾನು ಖುಷಿಪಡಬೇಕಿತ್ತು. ಆದರೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಸೀಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಸಿಕ್ಕಿತು. ಆದರೆ ಆ ಭಾನುವಾರ ನಮಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ರಿತೇಶ ಮೇಜಿನ ಮೇಲೆ ಫಾರ್ಮು ಹರಡಿಕೊಂಡು ಕೂತ. ಮಗು ಅವನ ಪಕ್ಕ ಕ್ರೇಯಾನ್ ಹಿಡಿದು ಕೂತಿತ್ತು. ಇವರು ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದರು. ಎಲ್ಲ ಖಾನೆಗಳೂ ತುಂಬಿದವು, ಅಜ್ಜನದೊಂದು ಉಳಿಯಿತು. ರಿಟೈರ್ಡ್ ಎಂದಷ್ಟೇ ಬರೆದರಾಯಿತು, ಸುಳ್ಳೂ ಅಲ್ಲ, ಯಾರೂ ಮುಂದೆ ಕೇಳುವುದೂ ಇಲ್ಲ ಎಂದಳು ಮಾನಸಿ. ಇಂಗ್ಲಿಷಿನಲ್ಲಿ ಇಂಥ ಚಾದರಗಳು ಬೇಕಾದಷ್ಟಿವೆ, ಏನನ್ನು ಬೇಕಾದರೂ ಹೊದಿಸಿಡಬಹುದು.

ರಿತೇಶ ಪೆನ್ನಿನ ತುದಿಯನ್ನು ಆ ಖಾನೆಯ ಮೇಲಿಟ್ಟು ಮತ್ತೆ ಎತ್ತಿದ.

"ಅಪ್ಪ," ಎಂದ ಕೊನೆಗೆ. "ಎಂತ ಬರೀಲಿ?"

ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಆ್ಯಸ್ ಯು ಲೈಕ್, ಸರ್."

ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಟೇಬಲ್ಲಿನ ಪಕ್ಕ ನಿಂತು ಹೇಳುವಂತೆಯೇ ಹೇಳಿದರು. ಆದರೆ ಈ ಮನೆಯಲ್ಲಿ ಅವರು ಯಾರನ್ನೂ ಸರ್ ಎಂದು ಕರೆದವರಲ್ಲ. ಹೊರಗೆ ಎಷ್ಟು ಸಾವಿರ ಜನಕ್ಕೆ ಸರ್ ಎಂದಿದ್ದಾರೋ, ಅದೆಲ್ಲ ಈ ಹುಡುಗ ಯಾರಿಗೂ ಹಾಗೆ ಎನ್ನಬೇಕಾಗಬಾರದು ಎಂದೇ. ರಿತೇಶನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮಾನಸಿ ಎದ್ದು ಒಳಗೆ ಹೋದಳು.

ಆಮೇಲೆ ಪೆನ್ನಿನ ಸದ್ದು ಕೇಳಿಸಿತು. ರಿಟೈರ್ಡ್ ಎಂದು ಬರೆಯಲು ಅಷ್ಟು ಹೊತ್ತು ಬೇಡ. ನಾನು ಮಗು ಇದೆ ಎಂದೂ ನೋಡದೆ ತುಳುವಿನಲ್ಲೇ ಕೇಳಿದೆ, ಎಂತ ಬರೆದದ್ದು ಎಂದು. ಅವನೂ ತುಳುವಿನಲ್ಲೇ ಉತ್ತರ ಕೊಟ್ಟ.

"ಅಪ್ಪ ಮಾಡಿದ ಕೆಲಸ. ಮೂವತ್ತೆಂಟು ವರ್ಷ ಅಂತಲೂ ಬರೆದಿದ್ದೇನೆ ಅಮ್ಮ. ಖಾನೆಯಲ್ಲಿ ಜಾಗ ಸಾಲಲಿಲ್ಲ, ಗೆರೆ ದಾಟಿ ಹೊರಗೆ ಹೋಯ್ತು."

ಇವರು ಪೇಪರು ಮಡಿಸಿ ಬದಿಗಿಟ್ಟು, ಇಲ್ಲಿ ತಾ, ನೋಡುವ ಎಂದು ಕೈ ಚಾಚಿದರು.